ಮುಂಬಯಿಯ ಮನೆಯಲ್ಲಿ ಮಕ್ಕಳ ಮರದ ಆಟಿಕೆಗಳ ಜೋಪಾನ: ಸಮಗ್ರ ಮಾರ್ಗದರ್ಶಿ

ಮುಂಬಯಿಯ ಕನ್ನಡ ಮನೆಗಳಿಗೆ ಮರದ ಆಟಿಕೆಗಳು ಹಲವು ದಾರಿಗಳಿಂದ ಬಂದು ಸೇರುತ್ತವೆ. ಬೆಂಗಳೂರಿನಿಂದ ಬರುವ ಚಿಕ್ಕಮ್ಮ ಚನ್ನಪಟ್ಟಣದ ಗಿಲಕಿಯನ್ನೋ ಉಂಗುರಗಳ ಗೋಪುರವನ್ನೋ ತರುತ್ತಾರೆ. ಉಡುಪಿ, ಮಂಗಳೂರು ಕಡೆಯವರ ಮನೆಯಲ್ಲಿ ಅಜ್ಜಿಯ ಕಾಲದ ಚೆನ್ನೆಮಣೆ ಇರುತ್ತದೆ, ಮೈಸೂರು ಸೀಮೆಯವರಲ್ಲಿ ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆಗಳಿರುತ್ತವೆ. ಕೊಂಕಣ ರೈಲಿನ ಹಾದಿಯಲ್ಲಿರುವ ಸಾವಂತವಾಡಿಯ ಬಣ್ಣದ ಮರದ ಹಣ್ಣುಗಳು ಊರಿಗೆ ಹೋಗಿಬರುವಾಗ ಚೀಲ ಸೇರುತ್ತವೆ. ಇವುಗಳ ಜೊತೆಗೆ ಅಂಗಡಿಯಲ್ಲಿ ಕೊಂಡ ಬ್ಲಾಕುಗಳು, ಪಜಲ್‌ಗಳು ಮತ್ತು ತಳ್ಳುಗಾಡಿ ಸೇರಿದರೆ, ಮಗುವಿಗೆ ಮೂರು ವರ್ಷ ತುಂಬುವಷ್ಟರಲ್ಲಿ ಒಂದು ಬೆಡ್‌ರೂಮಿನ ಫ್ಲಾಟಿನಲ್ಲಿ ಕಾಲಿಡಲು ಜಾಗವಿಲ್ಲದಂತಾಗುತ್ತದೆ.

ಹೆಚ್ಚಿನವರು ಮೊದಲು ಪರಿಹರಿಸಲು ಹೊರಡುವುದು ಈ ಜಾಗದ ತೊಂದರೆಯನ್ನೇ: ದೊಡ್ಡದೊಂದು ಪ್ಲಾಸ್ಟಿಕ್ ಡಬ್ಬ ತಂದು, ಎಲ್ಲವನ್ನೂ ಅದರಲ್ಲಿ ತುಂಬಿ, ಮುಚ್ಚಳ ಒತ್ತಿ, ಮಂಚದ ಕೆಳಗೆ ತಳ್ಳಿಬಿಡುತ್ತಾರೆ. ಆದರೆ ಈ ಊರಿನಲ್ಲಿ ಮರಕ್ಕೆ ಜಾಗಕ್ಕಿಂತ ದೊಡ್ಡ ತೊಂದರೆ ತೇವ. ಜೂನ್ 10ರ ಆಸುಪಾಸಿನಲ್ಲಿ ಆರಂಭವಾಗಿ ಸೆಪ್ಟೆಂಬರ್ ಕೊನೆಯವರೆಗೂ ಎಳೆಯುವ ಮಳೆಗಾಲದಲ್ಲಿ ಇಲ್ಲಿ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಜುಲೈ ಮತ್ತು ಆಗಸ್ಟ್‌ನಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 80ನ್ನು ಮೀರಿ ನಿಲ್ಲುತ್ತದೆ. ಆರ್ದ್ರತೆ ಶೇ. 70ರ ಮೇಲೆ ಬಹಳ ದಿನ ಉಳಿದರೆ ಮರದ ಮೇಲೆ ಬೂಷ್ಟು ಬೆಳೆಯಲು ಅಷ್ಟೇ ಸಾಕು. ಆದ್ದರಿಂದ ಈ ಮಾರ್ಗದರ್ಶಿಯು ಗಾಳಿ ಮತ್ತು ತೇವದ ವಿಚಾರವನ್ನು ಮೊದಲಿಗೂ, ಅಚ್ಚುಕಟ್ಟಿನ ವಿಚಾರವನ್ನು ಆನಂತರಕ್ಕೂ ಇಟ್ಟುಕೊಂಡಿದೆ.

ಮೊದಲನೆಯ ಹೆಜ್ಜೆ: ಕಾಲ ನೋಡಿ ಎಲ್ಲವನ್ನೂ ಹೊರಗೆ ತೆಗೆಯುವುದು

ಮುಂಬಯಿಯಲ್ಲಿ ಈ ಕೆಲಸಕ್ಕೆ ಯೋಗ್ಯವಾದ ಕಾಲ ದೀಪಾವಳಿ ಕಳೆದ ಮೇಲಿನಿಂದ ಫೆಬ್ರವರಿಯವರೆಗೆ. ಹಬ್ಬದ ಮುಂಚಿನ ಸಾಫಸಫಾಯಿಯ ಗಡಿಬಿಡಿಯಲ್ಲೇ ಇದನ್ನೂ ಮುಗಿಸಿಬಿಡುವ ಆಸೆ ಸಹಜವಾದರೂ, ಅಕ್ಟೋಬರಿನ ಮೊದಲ ವಾರಗಳಲ್ಲಿ ಮರದೊಳಗೆ ಮಳೆಗಾಲದ ತೇವ ಇನ್ನೂ ಉಳಿದಿರುತ್ತದೆ. ಆಗ ಕಟ್ಟಿಟ್ಟರೆ ಆ ತೇವವನ್ನೂ ಜೊತೆಗೇ ಕಟ್ಟಿಟ್ಟಂತಾಗುತ್ತದೆ. ಮೇ ತಿಂಗಳ ಮಧ್ಯದಲ್ಲಿ, ಮಳೆ ಹಿಡಿಯುವ ಮುನ್ನ, ಎರಡನೆಯ ಸಲ ಚಿಕ್ಕದಾಗಿ ನೋಡಿಕೊಂಡರೆ ಸಾಕು.

ಒಂದು ಹಳೆಯ ಬೆಡ್‌ಶೀಟು ಹಾಸಿ, ಮನೆಯ ಮೂಲೆಮೂಲೆಯಲ್ಲಿರುವ ಮರದ ಆಟಿಕೆಗಳನ್ನೆಲ್ಲ ಅದರ ಮೇಲೆ ಸುರಿಯಬೇಕು. ಸೋಫಾದ ಸಂದಿ, ಕಿಟಕಿಯ ಗ್ರಿಲ್ಲಿನ ಪೆಟ್ಟಿಗೆ, ಅಡುಗೆಮನೆಯ ಕೆಳಗಿನ ಖಾನೆ ಇವನ್ನು ಮರೆಯಬಾರದು. ಮೂರು ವರ್ಷ ದಾಟಿದ ಮಗುವನ್ನು ಜೊತೆಗೆ ಕೂರಿಸಿಕೊಂಡರೆ ಯಾವ ಚಕ್ರ ಯಾವ ಗಾಡಿಯದೆಂದು ಅದೇ ನಮಗೆ ಹೇಳುತ್ತದೆ. ಆದರೆ ಯಾವುದನ್ನು ಒಳಗಿಡಬೇಕೆಂದು ಹಿರಿಯರು ಆರಿಸುವ ಹೊತ್ತಿಗೆ ಮಗು ಅಲ್ಲಿರದಿರುವುದೇ ಮೇಲು. ಅಲ್ಲಿಯವರೆಗೆ ಮುಟ್ಟದಿದ್ದ ಆಟಿಕೆಯೂ ಆ ಕ್ಷಣಕ್ಕೆ ಪ್ರಾಣಕ್ಕಿಂತ ಪ್ರಿಯವಾಗಿಬಿಡುತ್ತದೆ.

ಎರಡನೆಯ ಹೆಜ್ಜೆ: ಮೇಲ್ಮೈ ನೋಡಿ ವಿಂಗಡಿಸುವುದು

ಆಟಿಕೆಗಳನ್ನು ವಯಸ್ಸಿನಂತೆ ವಿಂಗಡಿಸುವುದು ರೂಢಿ. ಜೋಪಾನದ ದೃಷ್ಟಿಯಿಂದ ಅದಕ್ಕೂ ಮುಂಚೆ ನೋಡಬೇಕಾದದ್ದು ಮರದ ಮೇಲಿರುವ ಲೇಪ ಯಾವುದು ಎಂಬುದನ್ನು, ಏಕೆಂದರೆ ಒಂದಕ್ಕೆ ಹಿತವಾದದ್ದು ಇನ್ನೊಂದನ್ನು ಹಾಳುಮಾಡುತ್ತದೆ.

ಮೊದಲ ಗುಂಪು ಅರಗಿನ ಆಟಿಕೆಗಳದ್ದು. ಚನ್ನಪಟ್ಟಣದ ಆಟಿಕೆಗಳನ್ನು ಸಾಂಪ್ರದಾಯಿಕವಾಗಿ ಬಿಳಿಚಾದ, ನಯವಾದ ಆಲೆಮರದಿಂದ ಕಡೆಯುತ್ತಾರೆ. ಲೇತಿನಲ್ಲಿ ಗಿರ್ರನೆ ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆತ ಅರಗಿನ ಕಡ್ಡಿಯನ್ನು ಒತ್ತಿಹಿಡಿದಾಗ, ಆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಆಮೇಲೆ ತಾಳೆಗರಿಯಿಂದ ತೀಡಿದಾಗ ಹೊಳಪು ಏಳುತ್ತದೆ. ಬಿಸಿಯಿಂದ ಹಿಡಿದ ಲೇಪ ಬಿಸಿಗೇ ಮೆತ್ತಗಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಇವುಗಳ ಆರೈಕೆಯ ಮುಕ್ಕಾಲು ಪಾಲು ತಿಳಿದಂತೆ. ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ, ಫ್ರಿಜ್ಜಿನ ಹಿಂಬದಿಯ ಬಿಸಿಗಾಳಿ ತಾಗುವಲ್ಲಿ, ಬಿಸಿಲು ನೇರವಾಗಿ ಬೀಳುವ ಬಾಲ್ಕನಿಯಲ್ಲಿ ಇವನ್ನು ಬಿಡಬಾರದು. ಅರಗಿಗೆ ಇನ್ನೊಂದು ಶತ್ರು ಸ್ಪಿರಿಟ್. ಅರಗು ಆಲ್ಕೋಹಾಲಿನಲ್ಲಿ ಕರಗುವ ವಸ್ತುವಾದ್ದರಿಂದ, ಕೈಗೆ ಹಚ್ಚುವ ಸ್ಯಾನಿಟೈಜರನ್ನು ಗಿಲಕಿಗೂ ಸಿಂಪಡಿಸಿ ಒರೆಸಿದರೆ ಬಣ್ಣ ಬಟ್ಟೆಗೆ ಬರುತ್ತದೆ, ಗಿಲಕಿ ಅಂಟಂಟಾಗುತ್ತದೆ.

ಎರಡನೆಯ ಗುಂಪು ಬಣ್ಣ ಬಳಿದವು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳು ಇದಕ್ಕೆ ಸೇರುತ್ತವೆ. ಹಗುರವಾದ ಮರದ ಮೇಲೆ ಹುಣಿಸೆಬೀಜದ ಅಂಟು ಬೆರೆಸಿದ ಲೇಪ ಮೆತ್ತಿ, ಅದರ ಮೇಲೆ ಬಣ್ಣ ಹಾಕಿರುತ್ತಾರೆ. ನೀರು ಈ ಲೇಪದ ಬುಡಕ್ಕೆ ಇಳಿದರೆ ಬಣ್ಣ ಹಕ್ಕಳೆಯಾಗಿ ಏಳುತ್ತದೆ. ಇವನ್ನು ಆಟಕ್ಕಿಂತ ಶೋಕೇಸಿಗೆ ಮೀಸಲಿಡುವುದೇ ವಾಸಿ. ಸಾವಂತವಾಡಿಯ ಹಣ್ಣುಗಳ ಮರವೂ ಬಹಳ ಹಗುರ, ಬಿದ್ದರೆ ಬೇಗ ತಗ್ಗು ಬೀಳುತ್ತದೆ. ಹಾಗಾಗಿ ಭಾರವಾದ ಬ್ಲಾಕುಗಳೊಂದಿಗೆ ಒಂದೇ ಬುಟ್ಟಿಯಲ್ಲಿ ಹಾಕಬಾರದು.

ಮೂರನೆಯದು ಲೇಪವಿಲ್ಲದ ಅಥವಾ ಬರೀ ಎಣ್ಣೆ ಹಚ್ಚಿದ ಮರ. ನಾಲ್ಕನೆಯದು ಪ್ಲೈವುಡ್ ಮತ್ತು ಎಂಡಿಎಫ್, ಅಂದರೆ ಮಾರುಕಟ್ಟೆಯ ಬಹುಪಾಲು ಅಕ್ಷರಪಜಲ್‌ಗಳು. ಅಂಚನ್ನು ನೋಡಿದರೆ ಮರದ ಗೆರೆಯಿಲ್ಲದೆ ಒತ್ತಿದ ಹೊಟ್ಟಿನಂತೆ ಕಂಡರೆ ಅದು ಎಂಡಿಎಫ್. ಗಟ್ಟಿಮರ ತೇವ ಕುಡಿದು ಉಬ್ಬಿದರೂ ಒಣಗಿದಾಗ ಹೆಚ್ಚುಕಡಿಮೆ ಮೊದಲಿನ ಅಳತೆಗೆ ಮರಳುತ್ತದೆ. ಎಂಡಿಎಫ್ ಒಮ್ಮೆ ಉಬ್ಬಿದರೆ ಉಬ್ಬಿದ್ದೇ, ಬಿಲ್ಲೆ ಮತ್ತೆ ಅದರ ಕುಳಿಯಲ್ಲಿ ಕೂರುವುದಿಲ್ಲ. ಆದ್ದರಿಂದ ಮನೆಯ ಅತ್ಯಂತ ಒಣ ಜಾಗ ಸಲ್ಲಬೇಕಾದದ್ದು ದುಬಾರಿ ಗೊಂಬೆಗಲ್ಲ, ಈ ಅಗ್ಗದ ಪಜಲ್‌ಗೆ.

ಮೂರನೆಯ ಹೆಜ್ಜೆ: ಒಡಕು, ಸಿಬಿರು, ಬಿಡಿಭಾಗಗಳ ಪರೀಕ್ಷೆ

ಪ್ರತಿ ಆಟಿಕೆಯ ಮೇಲೆ ಹಳೆಯ ನೈಲಾನ್ ಕಾಲುಚೀಲವನ್ನು ಎಳೆದು ನೋಡಿದರೆ, ಕಣ್ಣಿಗೆ ಕಾಣದ ಸಿಬಿರಿಗೂ ಅದು ಸಿಕ್ಕಿಕೊಳ್ಳುತ್ತದೆ. ಸಿಬಿರೆದ್ದ ಜಾಗ ಲೇಪವಿಲ್ಲದ ಮರವಾಗಿದ್ದರೆ ನುಣುಪಾದ ಉಪ್ಪುಕಾಗದದಿಂದ ಮರದ ಗೆರೆಯ ದಿಕ್ಕಿನಲ್ಲೇ ತಿಕ್ಕಿ ಸರಿಪಡಿಸಬಹುದು. ಹಳೆಯ ಪೇಂಟಿನ ಆಟಿಕೆಯನ್ನು ಮಾತ್ರ ತಿಕ್ಕಬಾರದು, ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯಿರುವುದರಿಂದ ಆ ಧೂಳು ಮಕ್ಕಳಿಗೆ ಅಪಾಯಕರ. ಅಂಥ ಆಟಿಕೆಯ ಬಣ್ಣ ಹಕ್ಕಳೆ ಏಳುತ್ತಿದ್ದರೆ ಅದನ್ನು ಮಗುವಿನ ಕೈಯಿಂದ ಶಾಶ್ವತವಾಗಿ ದೂರವಿಡಬೇಕು.

2021ರ ಜನವರಿ 1ರಿಂದ ಜಾರಿಯಲ್ಲಿರುವ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶದಂತೆ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಇಲಾಖೆಯಲ್ಲಿ ನೋಂದಾಯಿತರಾದ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಿಯ ಅಧಿಕೃತ ಬಳಕೆದಾರರಿಗೂ ಇದರಿಂದ ವಿನಾಯಿತಿ ಇದೆ. ಹಾಗಾಗಿ ಚನ್ನಪಟ್ಟಣದ ಗಿಲಕಿಯ ಮೇಲೆ ಆ ಗುರುತಿಲ್ಲದಿದ್ದರೆ ಅದೇ ಒಂದು ದೋಷವೆಂದು ತಿಳಿಯಬೇಕಿಲ್ಲ. ರಸ್ತೆಬದಿಯಲ್ಲಿ ಕೊಂಡ, ಘಾಟು ವಾಸನೆಯ ಎಣ್ಣೆಬಣ್ಣ ಬಳಿದ ರೈಲುಗಾಡಿಯ ವಿಷಯದಲ್ಲಿ ಅಷ್ಟು ಉದಾರವಾಗಬೇಕಾಗಿಯೂ ಇಲ್ಲ.

ಮೂರು ವರ್ಷದೊಳಗಿನ ಮಗುವಿರುವ ಮನೆಯಲ್ಲಿ ಬಿಡಿಭಾಗಗಳನ್ನು ಅಳೆದೇ ನೋಡಬೇಕು. ಸುರಕ್ಷತಾ ಪರೀಕ್ಷೆಯಲ್ಲಿ ಬಳಸುವ ಕೊಳವೆಯ ವ್ಯಾಸ 31.7 ಮಿಲಿಮೀಟರ್. ಯಾವ ಭಾಗ ಒತ್ತದೆಯೇ ಅದರೊಳಗೆ ಪೂರ್ತಿ ಅಡಗುತ್ತದೆಯೋ ಅದು ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಮನೆಯಲ್ಲಿ ಸ್ಕೇಲಿನಿಂದ ಅಳೆದು, ಮೂರೂಕಾಲು ಸೆಂಟಿಮೀಟರಿಗಿಂತ ಚಿಕ್ಕದಾದದ್ದನ್ನೆಲ್ಲ ಮೇಲಿನ ಬೀಗದ ಖಾನೆಗೆ ಸೇರಿಸಿದರೆ ಕೆಲಸ ಆಗುತ್ತದೆ.

ಇಲ್ಲಿ ಚೆನ್ನೆಮಣೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಹದಿನಾಲ್ಕು ಕುಳಿಗಳಿಗೆ ನಾಲ್ಕರಂತೆ 56 ಕಾಯಿಗಳು ಬೇಕು. ಸಾಮಾನ್ಯವಾಗಿ ಮಂಜೊಟ್ಟಿ ಬೀಜಗಳನ್ನೋ ಕವಡೆಗಳನ್ನೋ ಬಳಸುತ್ತಾರೆ. ಮಂಜೊಟ್ಟಿ ಪೂರ್ತಿ ಕೆಂಪಗಿರುತ್ತದೆ. ಅದರ ನಡುವೆ ಒಂದು ತುದಿಗೆ ಕಪ್ಪು ಬೊಟ್ಟಿರುವ ಸಣ್ಣ ಬೀಜ ಕಂಡರೆ ಅದು ಗುಲಗಂಜಿ. ಅದರೊಳಗಿನ ಅಬ್ರಿನ್ ಬಹಳ ತೀಕ್ಷ್ಣವಾದ ವಿಷ, ಬೀಜವನ್ನು ಅಗಿದು ನುಂಗಿದರೆ ಪ್ರಾಣಾಪಾಯವಿದೆ. ಅಜ್ಜಿಯ ಡಬ್ಬಿಯಲ್ಲಿ ಎರಡೂ ಬೆರೆತಿರುವುದುಂಟು, ಒಂದೊಂದಾಗಿ ಆರಿಸಿ ಗುಲಗಂಜಿಯನ್ನು ಮನೆಯಿಂದಲೇ ಹೊರಹಾಕಬೇಕು. ಉಳಿದ ಬೀಜಗಳನ್ನು ತಿರುಪಿನ ಮುಚ್ಚಳದ ಡಬ್ಬಿಯಲ್ಲಿ ಎಣಿಸಿ ಹಾಕಿ, ಮಣೆಯಿಂದ ಬೇರೆಯಾಗಿ, ದೊಡ್ಡವರ ಕೈಗೆ ಮಾತ್ರ ಎಟಕುವಂತೆ ಇಡಬೇಕು. ಮಣೆಯನ್ನು ಮಾತ್ರ ಮಡಚಿ ಬಟ್ಟೆ ಸುತ್ತಿ ಇಟ್ಟರೆ ಆಯಿತು.

ನಾಲ್ಕನೆಯ ಹೆಜ್ಜೆ: ಒರೆಸುವುದು, ಒಣಗಿಸುವುದು

ಮರದ ಯಾವ ಆಟಿಕೆಯನ್ನೂ ನೀರಿನಲ್ಲಿ ನೆನೆಸಬಾರದು. ಸಂದುಗಳಿಗೆ ಇಳಿದ ನೀರು ಅಂಟನ್ನು ಬಿಡಿಸಿ ಮರವನ್ನು ಸೀಳುತ್ತದೆ. ಮೊದಲು ಒಣ ಬ್ರಶ್ಶಿನಿಂದ ಸಂದಿಯ ಧೂಳು ತೆಗೆದು, ಬಳಿಕ ಸೌಮ್ಯವಾದ ಸೋಪಿನ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಹತ್ತಿಬಟ್ಟೆಯಿಂದ ಒರೆಸಿ, ಬರೀ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ತಕ್ಷಣವೇ ಒಣಬಟ್ಟೆಯಿಂದ ತೇವ ತೆಗೆಯಬೇಕು. ಕಿನ್ನಾಳದಂಥ ಗೊಂಬೆಗಳಿಗೆ ಒಣ ಬ್ರಶ್ಶು ಮಾತ್ರ. ಮನೆಗೆಲಸಕ್ಕೆ ಬರುವ ಬಾಯಿಗೆ, ಅಂದರೆ ಕೆಲಸದಾಕೆಗೆ, ಇದನ್ನು ಬಿಡಿಸಿ ಹೇಳದಿದ್ದರೆ, ನೆಲ ಒರೆಸಿದ ಫಿನಾಯಿಲಿನ ಬಟ್ಟೆಯೇ ಪಾಪ ಗಾಡಿಯ ಮೇಲೂ ಒಂದು ಕೈ ಆಡಿಬಿಡುತ್ತದೆ.

ಒಣಗಿಸುವುದು ನೆರಳಿನಲ್ಲಿ, ಫ್ಯಾನಿನ ಕೆಳಗೆ. ಬಿಸಿಲಿನಲ್ಲಿ ಒಂದು ಬದಿ ಬೇಗ ಒಣಗಿ ಇನ್ನೊಂದು ಬದಿ ಹಿಂದೆ ಬೀಳುವುದರಿಂದ ಮರ ಸೊಟ್ಟಗಾಗುತ್ತದೆ, ಗಿಡಮೂಲದ ಬಣ್ಣಗಳೂ ಮಾಸುತ್ತವೆ. ಅವುಗಳಲ್ಲಿ ಅರಿಸಿನದ ಹಳದಿ ಬೆಳಕಿಗೆ ಎಲ್ಲಕ್ಕಿಂತ ಬೇಗ ಸೋಲುತ್ತದೆ. ಕಿಟಕಿಯ ಪಕ್ಕ ಬಹುಕಾಲ ಇಟ್ಟ ಉಂಗುರಗೋಪುರವನ್ನು ತಿರುಗಿಸಿ ನೋಡಿದರೆ, ನೀಲಿ ಉಂಗುರ ಸುತ್ತಲೂ ಒಂದೇ ತೆರನಾಗಿದ್ದು, ಹಳದಿಯದು ಮಾತ್ರ ಕಿಟಕಿಯ ಬದಿಯಲ್ಲಿ ಕೆನೆಬಣ್ಣಕ್ಕೂ ಗೋಡೆಯ ಬದಿಯಲ್ಲಿ ಮೊದಲಿನ ಬಣ್ಣಕ್ಕೂ ಹಂಚಿಹೋಗಿರುವುದು ಕಾಣಬಹುದು.

ಲೇಪವಿಲ್ಲದ ಮರ ಒಣಕಲಾಗಿ ಬಿಳಿಚಿಕೊಂಡಿದ್ದರೆ ಜೇನುಮೇಣವನ್ನು ಬಟ್ಟೆಯಲ್ಲಿ ತೆಳುವಾಗಿ ತಿಕ್ಕಬಹುದು. ಕೊಬ್ಬರಿ ಎಣ್ಣೆ ಮರದ ಮೇಲೆ ಎಂದೂ ಗಟ್ಟಿಯಾಗದೆ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಪೇಂಟ್ ಅಂಗಡಿಯ ‘ಬಾಯ್ಲ್ಡ್’ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣಗಳನ್ನು ಬೆರೆಸಿರುತ್ತಾರಾದ್ದರಿಂದ, ಬಾಯಿಗೆ ಹೋಗುವ ಆಟಿಕೆಗೆ ಅದು ಸಲ್ಲದು.

ಐದನೆಯ ಹೆಜ್ಜೆ: ಗೋಡೆಯನ್ನು ಪರೀಕ್ಷಿಸಿ ಜಾಗ ಗೊತ್ತುಮಾಡುವುದು

ಮುಂಬಯಿಯ ಫ್ಲಾಟಿನಲ್ಲಿ ಎಲ್ಲ ಗೋಡೆಗಳೂ ಒಂದೇ ಅಲ್ಲ. ಮಳೆಗಾಳಿ ನೈಋತ್ಯದಿಂದ ಬೀಸುವುದರಿಂದ ಪಶ್ಚಿಮಕ್ಕೂ ದಕ್ಷಿಣಕ್ಕೂ ಮುಖ ಮಾಡಿದ ಹೊರಗೋಡೆಗಳು ನೀರು ಕುಡಿಯುತ್ತವೆ. ಬಚ್ಚಲಿಗೆ ಅಂಟಿಕೊಂಡ ಗೋಡೆ ವರ್ಷವಿಡೀ ತಂಪಾಗಿರುತ್ತದೆ. ಸಂಶಯವಿದ್ದರೆ ಒಂದು ಸರಳ ಪರೀಕ್ಷೆ ಇದೆ. ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಟ್ಟು ನೋಡಬೇಕು. ಹಾಳೆಯ ಒಳಬದಿಯಲ್ಲಿ ಹನಿ ಮೂಡಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ, ಅಲ್ಲಿ ಆಟಿಕೆ ಇಡಲೇಬಾರದು. ಹೊರಬದಿಯಲ್ಲಿ ಮಾತ್ರ ತೇವವಿದ್ದರೆ ಕೋಣೆಯ ಗಾಳಿಯದೇ ತೊಂದರೆ, ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ನಿಲ್ಲಿಸಿ ಗಾಳಿಯಾಡಲು ಬಿಟ್ಟರೆ ಸಾಕಾದೀತು.

ನಮ್ಮ ಮನೆಗಳಲ್ಲಿ ಸಾಮಾನಿಡಲು ದೊರೆಯುವ ಮೂರು ಜಾಗಗಳಲ್ಲಿ ಒಂದೊಂದಕ್ಕೂ ಒಂದೊಂದು ಗುಣವಿದೆ. ಬಾಗಿಲ ಮೇಲಿನ ಮಾಳಾ, ಅಂದರೆ ಅಟ್ಟ, ಸಾಮಾನ್ಯವಾಗಿ ಒಣಗಿರುತ್ತದೆ, ಆದರೆ ಬಚ್ಚಲಿನ ಮೇಲಿನ ಮಾಳಾ ಹಾಗಲ್ಲ. ಕಟ್ಟಡದ ಕೊನೆಯ ಮಹಡಿಯಲ್ಲಿದ್ದರೆ ಅಟ್ಟ ಬೇಸಿಗೆಯಲ್ಲಿ ಕಾದು ಅರಗಿನ ಆಟಿಕೆಗಳಿಗೆ ಹೊಂದುವುದಿಲ್ಲ. ಮಂಚದ ಪೆಟ್ಟಿಗೆ ಕೈಗೆ ಹತ್ತಿರವಾದರೂ ಗಾಳಿಯಾಡುವುದಿಲ್ಲ. ಅದರ ತಳದ ಪ್ಲೈವುಡ್ ನೆಲಕ್ಕೆ ತಾಗಿದ್ದರೆ ನೆಲ ಒರೆಸಿದ ನೀರು ಕೆಳಗಿನಿಂದ ಏರುತ್ತದೆ. ಗೋದ್ರೇಜ್ ಬೀರುವಿನ ಕೆಳಗಿನ ಖಾನೆ ನನ್ನ ಅಭಿಪ್ರಾಯದಲ್ಲಿ ಮೂರರಲ್ಲಿ ಉತ್ತಮ, ಅಲ್ಲಿ ತುಂಬಿಟ್ಟ ರೇಷ್ಮೆ ಸೀರೆಗಳನ್ನು ಮೇಲಕ್ಕೆ ಸರಿಸಲು ಮನೆಯವರನ್ನು ಒಪ್ಪಿಸಬಲ್ಲವರಿಗೆ.

ಆರನೆಯ ಹೆಜ್ಜೆ: ದಿನಬಳಕೆಯ ಕಪಾಟು

ಆಡುವ ಆಟಿಕೆಗಳಿಗೆ ಮುಚ್ಚಳದ ಪೆಟ್ಟಿಗೆಗಿಂತ ತೆರೆದ, ತಗ್ಗಾದ ಕಪಾಟು ಮೇಲು. ತೆರೆದ ಕಪಾಟಿನಲ್ಲಿ ಮರಕ್ಕೆ ಗಾಳಿ ಸಿಗುತ್ತದೆ, ಜೊತೆಗೆ ಮಗುವಿಗೆ ಎಲ್ಲವೂ ಕಾಣುತ್ತದೆ. ಪೆಟ್ಟಿಗೆಯ ತಳದಲ್ಲಿರುವ ಒಂದು ಕುದುರೆಗಾಗಿ ಮಗು ಇಡೀ ಪೆಟ್ಟಿಗೆಯನ್ನು ಬೋರಲು ಹಾಕುವುದು ಹಟದಿಂದಲ್ಲ, ಬೇರೆ ದಾರಿಯೇ ಇಲ್ಲದಿರುವುದರಿಂದ. ಎರಡು ಅಥವಾ ಮೂರು ಅಂಕಣಗಳು, ಒಟ್ಟು ಎತ್ತರ ಎರಡರಿಂದ ಎರಡೂವರೆ ಅಡಿ, ಆಳ ಒಂದಡಿ ಇದ್ದರೆ ಸಾಕು. ಹೆಚ್ಚು ಆಳವಿದ್ದರೆ ಹಿಂದೆ ಇನ್ನೊಂದು ಸಾಲು ಸೇರಿಕೊಂಡು ಪೆಟ್ಟಿಗೆಯ ಕತೆಯೇ ಮರುಕಳಿಸುತ್ತದೆ. ಭಾರವಾದ ಬ್ಲಾಕುಗಳು, ಗಾಡಿಗಳು ಕೆಳಗಿನ ಅಂಕಣದಲ್ಲಿ ಇರಲಿ, ಹಗುರವಾದವು ಮೇಲೆ.

ಕಪಾಟು ಎಷ್ಟೇ ಗಿಡ್ಡವಾಗಿದ್ದರೂ ಗೋಡೆಗೆ ಬಿಗಿಯಲೇಬೇಕು, ಮಕ್ಕಳು ಅಂಕಣಗಳನ್ನು ಏಣಿಯಾಗಿ ಬಳಸುತ್ತಾರೆ. ಕಾಂಕ್ರೀಟಿನ ಗೋಡೆಗೆ ಸಾದಾ ಮೊಳೆ ನಿಲ್ಲುವುದಿಲ್ಲವಾದ್ದರಿಂದ ಹ್ಯಾಮರ್ ಡ್ರಿಲ್ಲಿನಿಂದ ತೂತು ಕೊರೆಸಿ, ಪ್ಲಗ್ಗು ಹಾಕಿ, ಎಲ್ ಆಕಾರದ ಪಟ್ಟಿಯನ್ನು ಸ್ಕ್ರೂ ಮಾಡಿಸಬೇಕು. ಬಾಡಿಗೆಮನೆಯಾದರೆ ಎರಡು ತೂತುಗಳಿಗೆ ಮಾಲೀಕರ ಒಪ್ಪಿಗೆಯನ್ನು ಮೊದಲೇ ವಾಟ್ಸಾಪ್‌ನಲ್ಲಿ ಬರೆಸಿಕೊಂಡರೆ ಡಿಪಾಸಿಟ್ ಮರಳಿ ಪಡೆಯುವಾಗ ಜಗಳವಿರುವುದಿಲ್ಲ. ಜಾಗದ ಕೊರತೆಯಿಂದ ಹಳೆಯ ಮರದ ಅಥವಾ ಕಬ್ಬಿಣದ ಪೆಟ್ಟಿಗೆಯನ್ನೇ ಬಳಸಬೇಕಾಗಿ ಬಂದರೆ ಮುಚ್ಚಳವನ್ನು ತೆಗೆದುಹಾಕಬೇಕು. ಭಾರದ ಮುಚ್ಚಳ ಬಗ್ಗಿದ ಮಗುವಿನ ಕುತ್ತಿಗೆಯ ಮೇಲೆ ಬೀಳಬಹುದು, ಒಳಗೆ ಅಡಗಿ ಕೂತ ಮಗುವಿಗೆ ಉಸಿರು ಕಟ್ಟಬಹುದು.

ಬಿಡಿಬಿಡಿಯಾದವುಗಳಿಗೆ, ಎಂದರೆ ಅಡುಗೆಯಾಟದ ಪಾತ್ರೆಗಳಿಗೆ, ರೈಲಿನ ಹಳಿಗಳಿಗೆ, ಬ್ಲಾಕುಗಳಿಗೆ ಮೋಟು ಅಂಚಿನ ಬುಟ್ಟಿಗಳು ಬೇಕು. ಬಿದಿರಿನ ಬುಟ್ಟಿ ನೋಡಲು ಚೆನ್ನ, ಗಾಳಿಯೂ ಆಡುತ್ತದೆ. ಆದರೆ ಬಿದಿರಿನಲ್ಲಿರುವ ಪಿಷ್ಟಕ್ಕೆ ಕುಟ್ಟೆ ಹುಳು ಬೇಗ ಮುತ್ತುತ್ತದೆ, ಅಲ್ಲಿಂದ ಅದು ಆಟಿಕೆಗೂ ದಾಟುತ್ತದೆ. ತೂತುಗಳಿರುವ ಪ್ಲಾಸ್ಟಿಕ್ ಬುಟ್ಟಿ ಅಂದವಲ್ಲದಿದ್ದರೂ ಇಲ್ಲಿಯ ಹವೆಗೆ ಅದೇ ಬಾಳಿಕೆಯದು. ಬುಟ್ಟಿಯ ಮೇಲೆ ಹೆಸರಿನ ಚೀಟಿಗಿಂತ ಒಳಗಿರುವ ವಸ್ತುವಿನ ಫೋಟೋ ಅಂಟಿಸಬೇಕು. ಅಜ್ಜಿ ಓದುವುದು ಕನ್ನಡ, ಕೆಲಸದ ಬಾಯಿ ಓದುವುದು ಮರಾಠಿ, ಮಗು ಯಾವುದನ್ನೂ ಓದುವುದಿಲ್ಲ, ಮೂವರಿಗೂ ಚಿತ್ರ ಅರ್ಥವಾಗುತ್ತದೆ. ಪಜಲ್‌ಗಳನ್ನು ಒಂದರ ಮೇಲೊಂದು ಪೇರಿಸದೆ, ತಟ್ಟೆ ಒಣಗಿಸುವ ಸ್ಟೀಲ್ ಸ್ಟ್ಯಾಂಡಿನಲ್ಲಿ ಅಂಚಿನ ಮೇಲೆ ನಿಲ್ಲಿಸಬಹುದು. ಪ್ರತಿ ಬಿಲ್ಲೆಯ ಹಿಂಬದಿಗೂ ಅದರ ಹಲಗೆಯ ಹಿಂಬದಿಗೂ ಪೆನ್ಸಿಲಿನಿಂದ ಒಂದೇ ಗುರುತು ಹಾಕಿದ್ದರೆ, ಸಿಕ್ಕಿದ ಬಿಲ್ಲೆ ಯಾವ ಪಜಲ್‌ನದೆಂದು ಹುಡುಕುವ ಸಂಕಟವಿರುವುದಿಲ್ಲ.

ಎಷ್ಟು ಆಟಿಕೆ ಹೊರಗಿರಬೇಕು? ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 36 ಪುಟ್ಟ ಮಕ್ಕಳನ್ನು ಒಮ್ಮೆ 4 ಆಟಿಕೆಗಳೊಂದಿಗೂ ಇನ್ನೊಮ್ಮೆ 16 ಆಟಿಕೆಗಳೊಂದಿಗೂ ಆಡಲು ಬಿಟ್ಟು ನೋಡಿದಾಗ, ಕಡಿಮೆ ಇದ್ದಾಗ ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದ್ದು ಕಂಡುಬಂತು. ನಾಲ್ಕೇ ಎಂಬ ಲೆಕ್ಕಕ್ಕೆ ಜೋತುಬೀಳಬೇಕಿಲ್ಲ. ಕಪಾಟಿನಲ್ಲಿ ಎಂಟು–ಹತ್ತು ಬಗೆ ಇಟ್ಟು, ಉಳಿದದ್ದನ್ನು ಒಳಗಿಟ್ಟು, ಎರಡು ಮೂರು ವಾರಕ್ಕೊಮ್ಮೆ ಅರ್ಧವನ್ನು ಬದಲಿಸುವುದು ನಡೆಸಿಕೊಂಡು ಹೋಗಬಹುದಾದ ಕ್ರಮ. ಬದಲಿಸುವಾಗ ಮಗುವಿನ ಅತಿ ಪ್ರಿಯವಾದ ಒಂದೆರಡನ್ನು ಮುಟ್ಟಬಾರದು. ಹೀಗೆ ಸರದಿ ಹಾಕುವುದರಿಂದ ಮರಕ್ಕೂ ಉಪಕಾರವಿದೆ: ಯಾವ ಆಟಿಕೆಯೂ ತಿಂಗಳುಗಟ್ಟಲೆ ಕತ್ತಲಲ್ಲಿ ಕೊಳೆಯುವುದಿಲ್ಲ.

ಏಳನೆಯ ಹೆಜ್ಜೆ: ಒಳಗಿಡುವವನ್ನು ಕಟ್ಟುವುದು

ಒಂದೆರಡು ತಿಂಗಳಿಗಿಂತ ಹೆಚ್ಚು ಕಾಲ ಒಳಗಿಡುವ ಆಟಿಕೆಗಳನ್ನು ತೊಳೆದು ಒಣಗಿಸಿದ ಹಳೆಯ ಹತ್ತಿ ಸೀರೆಯ ತುಂಡಿನಲ್ಲೋ ಹತ್ತಿಯ ಚೀಲದಲ್ಲೋ ಒಂದೊಂದಾಗಿ ಸುತ್ತಬೇಕು. ಗಂಜಿ ಹಾಕಿದ ಬಟ್ಟೆ ಬೇಡ, ಗಂಜಿ ಹುಳುವನ್ನು ಕರೆಯುತ್ತದೆ. ಸುದ್ದಿಪತ್ರಿಕೆಯ ಶಾಯಿ ಅರಗಿಗೆ ಹತ್ತಿಕೊಳ್ಳುತ್ತದೆ. ಪ್ಲಾಸ್ಟಿಕ್ ಹಾಳೆ ನೇರವಾಗಿ ತಾಗಿದರೆ ಬೇಸಿಗೆಯಲ್ಲಿ ಬಣ್ಣಕ್ಕೆ ಅಂಟಿಕೊಂಡು, ಬಿಡಿಸಿದಾಗ ಬಣ್ಣವನ್ನೂ ಕಿತ್ತು ತರುತ್ತದೆ. ಪಟ್ಟದ ಗೊಂಬೆಗಳ ಸೀರೆ, ಪಂಚೆ, ಸರಗಳನ್ನು ಬಿಚ್ಚಿ ಬೇರೆ ಇಡುವುದು ಅಗತ್ಯ, ಜರಿಯ ಬಟ್ಟೆ ತೇವ ಹಿಡಿದುಕೊಂಡು ಮರಕ್ಕೆ ಕಲೆ ಮಾಡುತ್ತದೆ.

ಮುಚ್ಚಳದ ಪ್ಲಾಸ್ಟಿಕ್ ಡಬ್ಬವನ್ನು ಪೂರ್ತಿ ಬಿಡಬೇಕಾಗಿಲ್ಲ, ಎಷ್ಟೋ ಮನೆಗಳಲ್ಲಿ ಅದೊಂದೇ ಉಪಾಯ. ಷರತ್ತು ಇಷ್ಟೇ: ಒಣ ತಿಂಗಳುಗಳಲ್ಲಿ ಚೆನ್ನಾಗಿ ಒಣಗಿದ ಆಟಿಕೆಗಳನ್ನು ಮಾತ್ರ ಅದರಲ್ಲಿ ಮುಚ್ಚಬೇಕು, ಜೊತೆಗೆ ಬಿಗಿಯಾಗಿ ಹೊಲಿದ ಚೀಲದಲ್ಲಿ ಸಿಲಿಕಾ ಜೆಲ್ ಹಾಕಬೇಕು, ಮಳೆಗಾಲ ಮುಗಿಯುವವರೆಗೆ ತೆರೆಯಬಾರದು. ಜುಲೈಯಲ್ಲಿ ಒಮ್ಮೆ ಮುಚ್ಚಳ ತೆರೆದು ಮತ್ತೆ ಮುಚ್ಚಿದರೆ ಆ ತೇವದ ಗಾಳಿಯೇ ಒಳಗೆ ಬಂದಿಯಾಗುತ್ತದೆ. ಕಿತ್ತಳೆಯಿಂದ ಹಸಿರಿಗೆ ತಿರುಗುವ ಬಗೆಯ ಜೆಲ್ ಕೊಳ್ಳಬೇಕು. ನೀಲಿಯಿಂದ ಗುಲಾಬಿಗೆ ತಿರುಗುವುದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಮಕ್ಕಳ ಸಾಮಾನಿನ ಬಳಿ ಅದು ಬೇಡ. ಡಬ್ಬದ ಹೊರಗೆ ಒಳಗಿರುವವುಗಳ ಪಟ್ಟಿಯನ್ನೂ ಕಟ್ಟಿಟ್ಟ ತಿಂಗಳನ್ನೂ ಬರೆದು ಅಂಟಿಸಬೇಕು.

ಎಂಟನೆಯ ಹೆಜ್ಜೆ: ಕುಟ್ಟೆ ಮತ್ತು ಗೆದ್ದಲಿನಿಂದ ಕಾಪಾಡುವುದು

ಆಟಿಕೆಯ ಕೆಳಗೆ ಟಾಲ್ಕಂ ಪೌಡರಿನಷ್ಟು ನಯವಾದ ಹಿಟ್ಟು ಬಿದ್ದಿದ್ದು, ಮರದಲ್ಲಿ ಒಂದೆರಡು ಮಿಲಿಮೀಟರಿನ ದುಂಡನೆಯ ತೂತುಗಳು ಕಂಡರೆ ಅದು ಕುಟ್ಟೆ. ಆ ತೂತು ಹುಳು ಒಳಹೊಕ್ಕ ಜಾಗವಲ್ಲ, ಬೆಳೆದು ಹೊರಬಿದ್ದ ಜಾಗ. ಆದ್ದರಿಂದ ತೂತಿಗೆ ಮೇಣ ತುಂಬಿದರೆ ತೀರಲಿಲ್ಲ. ಹಿಟ್ಟನ್ನು ಒರೆಸಿ, ಆಟಿಕೆಯನ್ನು ಕಪ್ಪು ಕಾಗದದ ಮೇಲೆ ವಾರವಿಡೀ ಇಟ್ಟು ನೋಡಬೇಕು. ಹೊಸ ಹಿಟ್ಟು ಬಿದ್ದರೆ ಒಳಗೆ ಹುಳು ಬದುಕಿದೆ. ಗೆದ್ದಲಿನ ಗುರುತು ಬೇರೆ: ಗೋಡೆಯ ಬುಡದಿಂದ ಹೊರಡುವ ಮಣ್ಣಿನ ಸುರಂಗದ ಗೆರೆ. ಅದು ಕಂಡರೆ ಆಟಿಕೆಗಳನ್ನು ಸರಿಸಿದರೆ ಸಾಲದು, ಸೊಸೈಟಿಗೆ ತಿಳಿಸಿ ಕಟ್ಟಡಕ್ಕೇ ಚಿಕಿತ್ಸೆ ಮಾಡಿಸಬೇಕು.

ಕುಟ್ಟೆ ಹತ್ತಿದ, ಬಣ್ಣವಿಲ್ಲದ ಗಟ್ಟಿಮರದ ಆಟಿಕೆಗೆ ಫ್ರೀಜರಿನ ಚಿಕಿತ್ಸೆ ಕೊಡಬಹುದು. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೊರಹಾಕಿ ಬಿಗಿದು, ಸೊನ್ನೆಗಿಂತ 18 ಡಿಗ್ರಿ ಕೆಳಗಿರುವ ಫ್ರೀಜರಿನಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಹಾಗೆಯೇ ಬಿಡಬೇಕು. ತಕ್ಷಣ ಬಿಚ್ಚಿದರೆ ತಣ್ಣನೆಯ ಮರದ ಮೇಲೆ ನೀರು ಕಟ್ಟುತ್ತದೆ. ಅರಗಿನ ಅಥವಾ ಬಣ್ಣದ ಲೇಪ ಚಳಿಗೆ ಬಿರುಕು ಬಿಡಬಹುದಾದ್ದರಿಂದ ಅವಕ್ಕೆ ಈ ಉಪಾಯ ಸಲ್ಲದು. ಕುಟ್ಟೆ ಹತ್ತಿದ ಅರಗಿನ ಆಟಿಕೆಯನ್ನು ಬೇರೆಲ್ಲದರಿಂದ ದೂರ ಮಾಡಿ ವಿಲೇವಾರಿ ಮಾಡುವುದೇ ಲೇಸು. ಪೀಠೋಪಕರಣಗಳಿಗೆ ಹೊಡೆಯುವ ಕೀಟನಾಶಕವನ್ನು ಆಟಿಕೆಗೆ ಯಾವ ಕಾರಣಕ್ಕೂ ಸೋಕಿಸಬಾರದು.

ಡಾಂಬರ್ ಗುಳಿಗೆಯ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ಅಭಿಪ್ರಾಯ. ಹಿರಿಯರು ಅಭ್ಯಾಸಬಲದಿಂದ ನಾಲ್ಕು ಗುಳಿಗೆ ಎಸೆದೇ ಪೆಟ್ಟಿಗೆ ಮುಚ್ಚುತ್ತಾರೆ. ಅದರಲ್ಲಿರುವ ನ್ಯಾಫ್ತಲೀನ್ ರಕ್ತದ ಕೆಂಪು ಕಣಗಳನ್ನು ಒಡೆಯಬಲ್ಲದು. ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಶಿಶುಗಳಿಗೆ ಅದರ ಆವಿಯೂ ಕೆಡುಕು. ಗುಳಿಗೆಯಂತೂ ಮಗುವಿನ ಕಣ್ಣಿಗೆ ಪೆಪ್ಪರ್‌ಮಿಂಟೇ ಸರಿ. ಕರ್ಪೂರವೂ ನಿರುಪದ್ರವಿಯಲ್ಲ, ನುಂಗಿದ ಮಕ್ಕಳಿಗೆ ಫಿಟ್ಸ್ ಬರುವುದುಂಟು. ನೆರಳಲ್ಲಿ ಗರಿಗರಿಯಾಗಿ ಒಣಗಿಸಿದ ಬೇವಿನೆಲೆಯನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟರೆ ತೊಂದರೆಯಿಲ್ಲ. ಹಸಿ ಸೊಪ್ಪು ಇಟ್ಟರೆ ತೇವವನ್ನು ನಾವೇ ಒಳಗೆ ಕಳಿಸಿದಂತೆ. ಬೇವೊಂದನ್ನೇ ನಂಬಿ ಕೂರುವ ಬದಲು ತಿಂಗಳಿಗೊಮ್ಮೆ (ಮುಚ್ಚಿದ ಡಬ್ಬವಾದರೆ ಮಳೆಗಾಲ ಬಿಟ್ಟು) ಕಣ್ಣಾಡಿಸುವುದು ಹೆಚ್ಚು ಫಲ ಕೊಡುತ್ತದೆ.

ಮಳೆಗಾಲದ ವಾಡಿಕೆ

ಆರ್ದ್ರತೆ ತೋರಿಸುವ ಪುಟ್ಟ ಮೀಟರು ಅಗ್ಗದಲ್ಲೇ ಸಿಗುತ್ತದೆ. ಅದಿಲ್ಲದಿದ್ದರೆ ಅಡುಗೆಮನೆಯ ಉಪ್ಪು ನೀರು ಬಿಡತೊಡಗಿದ ದಿನದಿಂದ ಎಚ್ಚರ ವಹಿಸಬೇಕು. ಹೊರಗಿರುವ ಆಟಿಕೆಗಳ ಸಂಖ್ಯೆಯನ್ನು ಈ ಕಾಲದಲ್ಲಿ ಇನ್ನೂ ಇಳಿಸಬೇಕು. ರಾತ್ರಿ ಎಸಿ ಅಥವಾ ಫ್ಯಾನು ಓಡುವ ಕೋಣೆಗೆ ಕಪಾಟನ್ನು ಸಾಗಿಸಲು ಬಂದರೆ ಒಳ್ಳೆಯದು, ಆದರೆ ಎಸಿಯ ಗಾಳಿ ನೇರವಾಗಿ ತಾಗಬಾರದು. ಒಳಗೆ ಒಗೆದ ಬಟ್ಟೆ ಒಣಹಾಕುವ ಕೋಣೆಯಲ್ಲಿ ಆಟಿಕೆಗಳನ್ನು ಇಡಬಾರದು. ಮಗು ಚೀಪಿದ ಗಿಲಕಿಯನ್ನು ಅಂದಂದೇ ಒರೆಸಿ ಫ್ಯಾನಿನ ಕೆಳಗೆ ಇಡಬೇಕು.

ಮುಗ್ಗಲು ವಾಸನೆ ಬಂದರೆ ಅಥವಾ ಬೂದು ಬಣ್ಣದ ಬೂಷ್ಟು ಕಂಡರೆ, ಮಗುವನ್ನು ಬೇರೆ ಕೋಣೆಗೆ ಕಳಿಸಿ, ಮಾಸ್ಕ್ ಹಾಕಿಕೊಂಡು, ಆಟಿಕೆಯನ್ನು ಬಾಲ್ಕನಿಗೆ ಒಯ್ದು ಮೆತ್ತನೆಯ ಬ್ರಶ್ಶಿನಿಂದ ಉದುರಿಸಬೇಕು. ಬಳಿಕ ಸಮಪ್ರಮಾಣದ ನೀರು ಬೆರೆಸಿದ ಬಿಳಿ ವಿನೆಗರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ, ಮೂಲೆಯೊಂದರಲ್ಲಿ ಬಣ್ಣ ಬಿಡುವುದಿಲ್ಲವೆಂದು ನೋಡಿಕೊಂಡು, ಒರೆಸಿ ಒಣಗಿಸಬೇಕು. ಬೂಷ್ಟು ಮರದೊಳಗೆ ಇಳಿದು ಕಪ್ಪು ಚುಕ್ಕೆಯಾಗಿದ್ದರೆ ಆ ಆಟಿಕೆ ಬಾಯಿಗೆ ಹಾಕುವ ವಯಸ್ಸಿನ ಮಗುವಿಗೆ ಬೇಡ. ಬೂಷ್ಟು ಬಂದ ಆಟಿಕೆಯಿದ್ದ ಬುಟ್ಟಿಯನ್ನೂ ಸುತ್ತಿದ್ದ ಬಟ್ಟೆಯನ್ನೂ ತೊಳೆಯದೆ ಮತ್ತೆ ಬಳಸಬಾರದು.

ಮನೆ ಬದಲಿಸುವಾಗ

ಬಾಡಿಗೆಯ ಕರಾರು ಬಹುತೇಕ ಹನ್ನೊಂದು ತಿಂಗಳದ್ದಾಗಿರುವ ಈ ಊರಿನಲ್ಲಿ ಮರದ ಆಟಿಕೆಗಳೂ ಆಗಾಗ ಮನೆ ಬದಲಿಸುತ್ತವೆ. ಸಾಗಿಸುವವರು ಆಟಿಕೆಗಳನ್ನು ಖಾಲಿ ಜಾಗ ತುಂಬುವ ಸಾಮಾನೆಂದು ಕಾಣುವುದರಿಂದ, ಅವನ್ನು ನಾವೇ ಬೇರೆ ಪೆಟ್ಟಿಗೆಗೆ ಹಾಕಿ ಮುಚ್ಚುವುದು ಒಳ್ಳೆಯದು. ಉಂಗುರಗೋಪುರದ ಉಂಗುರಗಳನ್ನು ಕಂಬದಲ್ಲೇ ಬಿಟ್ಟು ಬಟ್ಟೆ ಬಿಗಿಯಬೇಕು, ಗಾಡಿಗಳ ಚಕ್ರಗಳ ನಡುವೆ ಬಟ್ಟೆ ತುರುಕಬೇಕು, ತೂಗುಕುದುರೆಯ ಬಾಗಿದ ಕಾಲುಗಳು ತಿರುಪಿನವಾದರೆ ಕಳಚಿ, ತಿರುಪುಗಳನ್ನು ಚಿಕ್ಕ ಚೀಲದಲ್ಲಿ ಹಾಕಿ ಕುದುರೆಯ ಹೊಟ್ಟೆಗೇ ಕಟ್ಟಬೇಕು. ಹೊಸ ಮನೆಗೆ ಹೋದ ಮೇಲೆ ಆಟಿಕೆಗಳ ಪೆಟ್ಟಿಗೆಯನ್ನು ಗೋಡೆಗೆ ತಾಗಿಸದೆ ಕೋಣೆಯ ನಡುವೆ ಇಟ್ಟು, ಅಲ್ಲಿಯ ಗೋಡೆಗಳಿಗೆ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮುಗಿಸಿ, ಆಮೇಲೆ ಕಪಾಟಿನ ಜಾಗವನ್ನು ಗೊತ್ತುಮಾಡಬೇಕು. ಅಷ್ಟು ದಿನ ಮಗುವಿನ ಕೈಗೆ ಎರಡು ಮೂರು ಆಟಿಕೆ ಕೊಟ್ಟಿದ್ದರೆ ಸಾಕು.